ಉಪ್ಪು ನೀರಿಗೆ ಉಪ್ಪು ನೀರೇ ತಾನೆ?

ಭಾನುವಾರ ರಾತ್ರಿ ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಸಮುದ್ರದ ಮೀನು ಸಾಕಿರುವ ಟ್ಯಾಂಕಿನ ಮುಂದೆ ನಿಂತೆ. ನೀರು ಸರಿಯಾಗಿ ನಾನು ಎಳೆದಿದ್ದ ಗೆರೆಯ ಮಟ್ಟಕ್ಕಿತ್ತು. ಎಂಟು ದಿನ ತಮ್ಮನ ಕೈಗೆ ಬಿಟ್ಟು ಹೋಗಿದ್ದೆ. ಪರವಾಗಿಲ್ವೇ, ಇವನಿಗೂ ಜವಾಬ್ದಾರಿ ಬಂತು ಅಂದುಕೊಂಡೆ. ಎರಡು ಕ್ಲೌನ್ ಮೀನುಗಳೂ ಗಾಜಿನ ಹತ್ತಿರ ಬಂದು ಊಟಕ್ಕೆ ಕುಣಿದವು. ಆದರೆ ಬಸವನಹುಳುಗಳು ಮಾತ್ರ ಗಾಜು ಬಿಟ್ಟು ಮರಳ ಮೇಲೆ ಬಿದ್ದಿದ್ದವು. ಮೂರರಲ್ಲಿ ಒಂದು ಅಂಗಾತ.

ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದೆ. 1.030. ಒರೆಸಿ ಮತ್ತೆ ನೋಡಿದೆ. ಮತ್ತೆ ಅಷ್ಟೇ. ಹೋಗುವಾಗ 1.026 ಇತ್ತು. ಅಂಕಿ ಏರಿದೆ ಅಂದರೆ ಉಪ್ಪು ಏರಿದೆ.

"ಯಾವ ನೀರು ಹಾಕ್ದೆ?"

ಅವನು ಮೂಲೆಯ ಕ್ಯಾನ್ ತೋರಿಸಿದ. ವಾರಕ್ಕೊಮ್ಮೆ ನೀರು ಬದಲಿಸಲು ನಾನು ಉಪ್ಪು ಕಲಸಿಟ್ಟಿದ್ದ ಕ್ಯಾನ್.

"ಅಯ್ಯೋ, ಅದು ಉಪ್ಪು ನೀರು ಕಣೋ!"

"ಗೊತ್ತು. ನೆಕ್ಕಿ ನೋಡಿಯೇ ಹಾಕಿದ್ದು. ಉಪ್ಪು ನೀರಿಗೆ ಉಪ್ಪು ನೀರೇ ತಾನೆ ಹಾಕೋದು, ಅಕ್ಕಾ?"

ಆ ಮಾತು ನಾಲ್ಕು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಕೇಳಿದರೆ ಎಷ್ಟು ಸರಿಯಾಗಿದೆ ಅಲ್ವಾ? ನೆಕ್ಕಿ ನೋಡಿದ್ದಾನೆ ಬೇರೆ. ಅಷ್ಟು ಕಾಳಜಿ.

ಆದರೆ ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಒಂದು ಹರಳೂ ಹೋಗುವುದಿಲ್ಲ. ಹೋದದ್ದು ಸಿಹಿನೀರು, ಹಾಗಾಗಿ ತುಂಬಬೇಕಾದದ್ದೂ ಸಿಹಿನೀರೇ. ಕಲ್ಲು ಮರಳು ಕಳೆದರೆ ನಮ್ಮ ಟ್ಯಾಂಕಿನಲ್ಲಿ ಇರುವುದು ಸುಮಾರು 60 ಲೀಟರ್. ದಿನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಆರುತ್ತದೆ. ಎಂಟು ದಿನಕ್ಕೆ ಒಂಬತ್ತು ಲೀಟರ್. ಸಮುದ್ರದ ನೀರಿನ ಲೆಕ್ಕದಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಅಂದರೆ ನನ್ನ ತಮ್ಮ ದಿನಾ ತಪ್ಪದೆ, ಗೆರೆ ನೋಡಿಕೊಂಡು, 300 ಗ್ರಾಮಿಗೂ ಹೆಚ್ಚು ಉಪ್ಪನ್ನು ಸೇರಿಸಿದ್ದಾನೆ.

ಇಷ್ಟೊಂದು ನೀರು ಆರುವುದಕ್ಕೂ ನಾನೇ ಕಾರಣ. ನೀರು ತಣ್ಣಗಿಡುವ ಯಂತ್ರ, ಚಿಲ್ಲರ್, ಕೊಳ್ಳುವಷ್ಟು ದುಡ್ಡಿರಲಿಲ್ಲ. ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬೀಸುವ ಹಾಗೆ ಮಾಡಿದ್ದೆ. ನೀರು ತಣ್ಣಗಾಗುತ್ತದೆ, ನಿಜ. ಆರುವುದರಿಂದಲೇ ತಣ್ಣಗಾಗುವುದು. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಸೋರುತ್ತದೆ.

ಉಳಿಸುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಗಾಜಿನ ಟ್ಯಾಂಕ್ ಹಳೆಯದು, ಇನ್ನೊಬ್ಬರು ಬಳಸಿದ್ದು. ಎರಡು ದಿನ ನೀರು ತುಂಬಿಟ್ಟು ಸೋರುತ್ತದಾ ಅಂತ ಕಾದಿದ್ದೆ. ಬ್ಯಾಕ್ಟೀರಿಯಾ ಮನೆ ಮಾಡಿರುವ ಸಮುದ್ರದ ಕಲ್ಲು, ಅಂದರೆ ಲೈವ್ ರಾಕ್ ಬದಲು ಒಣ ಕಲ್ಲು, ಬ್ಯಾಕ್ಟೀರಿಯಾ ಬರಲಿ ಅಂತ ಮುಷ್ಟಿ ಗಾತ್ರದ ಒಂದೇ ಒಂದು ಲೈವ್ ರಾಕ್. ಕೊಳೆಯನ್ನು ನೊರೆಯಲ್ಲಿ ತೆಗೆಯುವ ಸ್ಕಿಮ್ಮರ್ ಬೇಡ, ಎರಡೇ ಮೀನು ಇರುವ ಚಿಕ್ಕ ಟ್ಯಾಂಕಿಗೆ ವಾರವಾರ ಶೇಕಡಾ 10ರಷ್ಟು ನೀರು ಬದಲಿಸಿದರೆ ನಡೆಯುತ್ತದೆ. ಹವಳ ಇಲ್ಲದ ಮೇಲೆ ದುಬಾರಿ ಲೈಟೂ ಬೇಡ.

ಕೈ ಬಿಗಿ ಹಿಡಿಯಬಾರದ ಕಡೆಯೂ ಹಿಡಿದೆ. ಉಪ್ಪು ಅಳೆಯಲು ಮೊದಲು ಕೊಂಡದ್ದು ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಮುಳ್ಳಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಅದು ಸುಳ್ಳು ಹೇಳುತ್ತದೆ. ಆಮೇಲೆ ರಿಫ್ರಾಕ್ಟೋಮೀಟರ್ ತಂದೆ, ಎರಡು ಖರ್ಚು. ಉಪ್ಪಿನಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. "ಅಡುಗೆ ಉಪ್ಪು ಹಾಕಿದ್ರೆ ಆಗಲ್ವಾ?" ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಆಗಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಿಂದ ಬರಬೇಕು? ನಲ್ಲಿ ನೀರೂ ಆಗಲ್ಲ. ಕ್ಲೋರಿನ್ ಒಂದು ಕಡೆ, ಪೈಪಿನ ತಾಮ್ರ ಒಂದು ಚೂರು ಸೇರಿದರೂ ಸೀಗಡಿ, ಬಸವನಹುಳು ಉಳಿಯುವುದಿಲ್ಲ. ಅದಕ್ಕೇ ಆರ್‌ಒ ನೀರು, ಅದಕ್ಕೇ ಎರಡು ಕ್ಯಾನ್, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು ಕಲಸಿದ್ದು. ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ಒಂದರ ಮೇಲೂ ಚೀಟಿ ಅಂಟಿಸಲಿಲ್ಲ. ಚೀಟಿಗೇನು ದುಡ್ಡಾ?

ತಮ್ಮನಿಗೆ ಬರೆದಿಟ್ಟ ಹಾಳೆ ಮೊನ್ನೆ ಮತ್ತೆ ಓದಿದೆ. ಊಟದ ಬಗ್ಗೆ ಒಂದೂವರೆ ಪುಟ. ನೀರಿನ ಬಗ್ಗೆ ಒಂದೇ ಸಾಲು: "ಗೆರೆಗಿಂತ ಕಡಿಮೆ ಆದರೆ ಕ್ಯಾನಿನಿಂದ ಹಾಕು." ಯಾವ ಕ್ಯಾನ್, ಮಹಾತಾಯಿ?

ಮೀನಿಲ್ಲದ ಮೊದಲ ಐದು ವಾರ ಅವನು ದಿನಾ "ಏನಕ್ಕಾ, ಕಲ್ಲು ಸಾಕ್ತಿದ್ದೀಯಾ?" ಅಂತ ರೇಗಿಸುತ್ತಿದ್ದ. ಬ್ಯಾಕ್ಟೀರಿಯಾ ಬೆಳೆದು ವಿಷದ ಅಮೋನಿಯಾ ನೈಟ್ರೈಟ್ ಆಗಬೇಕು, ನೈಟ್ರೈಟ್ ನೈಟ್ರೇಟ್ ಆಗಬೇಕು, ಅಲ್ಲಿವರೆಗೆ ಮೀನು ಬಿಟ್ಟರೆ ಸಾಯುತ್ತದೆ ಅಂತ ಅರ್ಧ ಗಂಟೆ ಭಾಷಣ ಮಾಡಿದ್ದೆ. ಪಾಪ, ಕೂತು ಕೇಳಿದ್ದ. ಕ್ಯಾನ್ ಯಾವುದು ಅಂತ ಹೇಳಲು ನನಗೆ ಎರಡು ಸೆಕೆಂಡ್ ಇರಲಿಲ್ಲ.

ಟ್ಯಾಂಕ್ ಮಾರಿದ ಮನುಷ್ಯನೂ ಈಗ ನೆನಪಾಗುತ್ತಾನೆ. ಒಳ್ಳೆಯವನೇ, ಮಾತು ಜಾಸ್ತಿ. "ನೀವು ಊರಲ್ಲಿ ಇಲ್ದಾಗ ಯಾರು ನೀರು ಹಾಕ್ತಾರೆ ಮೇಡಂ?" ಅಂತ ಎರಡು ಸಲ ಕೇಳಿದ್ದ. ಮಾರುವವನಿಗೆ ಯಾಕೆ ಬೇಕು ಇದೆಲ್ಲ ಅಂದುಕೊಂಡಿದ್ದೆ. ಆ ಪ್ರಶ್ನೆಗೆ ಉತ್ತರ ಸಿಗದೆಯೇ ಅವನು ಮಾರಿರಬೇಕು. ಇನ್ನೊಬ್ಬ ಗೆಳೆಯ, ನೀರು ಇಳಿದ ಕೂಡಲೇ ತಾನೇ ತುಂಬಿಸುವ ಪಂಪು ಸೆನ್ಸರು ಇಟ್ಟುಕೊಂಡವನು, "ಮೊದ್ಲು ಇದನ್ನ ತಗೋ" ಅಂದಿದ್ದ. ಎಲ್ಲದರಲ್ಲೂ ತನ್ನದೇ ಮೇಲು ಅನ್ನುವ ಆಸಾಮಿ. ಭಾನುವಾರ ರಾತ್ರಿ ಅವನಿಗೆ ಫೋನ್ ಮಾಡಿ ಕೇಳುವುದಕ್ಕಿಂತ ಇನ್ನೊಂದು ಬಸವನಹುಳು ಹೋದರೂ ಹೋಗಲಿ ಅಂತ ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ.

ಪಂಪೇ ಇಲ್ಲದ ಕಾಲದ ಕತೆಯೊಂದಿದೆ. 1846ರ ಸುಮಾರಿಗೆ ಲಂಡನ್ನಿನಲ್ಲಿ ಆನಾ ಥಿನ್ ಅನ್ನುವ ಹೆಂಗಸು ಸಮುದ್ರದಿಂದ ಹವಳ ತಂದು ಮನೆಯಲ್ಲಿ ಸಾಕಿದಳು. ನೀರಿಗೆ ಗಾಳಿ ಸೇರಬೇಕಲ್ಲ, ಅದಕ್ಕೆ ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ದಿನಾ ಅರ್ಧ ಮುಕ್ಕಾಲು ಗಂಟೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳಂತೆ. ಮೊದಲ ಸಮುದ್ರ ಅಕ್ವೇರಿಯಂ ಅಂತ ಹೇಳುವಾಗ ಥಿನ್ ಹೆಸರು ಬರುತ್ತದೆ. ನಾನು ಓದಿದ ಕಡೆಯಲ್ಲೆಲ್ಲ ಆ ಇನ್ನೊಬ್ಬಳು ಬರೀ "ಕೆಲಸದವಳು". ಇದು ಯಾಕೆ ಬೇಕು, ಏನಾಗುತ್ತದೆ ಅಂತ ಅವಳಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ತೋಳು ನೋಯುವಾಗ ಅವಳೂ ಏನೋ ಒಂದು ಕೇಳಿರುತ್ತಾಳೆ, ಉತ್ತರ ಬರುವ ಮೊದಲು ಬೈಗುಳ ಬಂದಿರುತ್ತದೆ. ನಾನೂ ಭಾನುವಾರ ಬೈದೆ. "ಅಷ್ಟೂ ಗೊತ್ತಾಗಲ್ವಾ?" ಅಂದೆ. ಗೊತ್ತಿಲ್ಲ ಅಂತಲೇ ಅಲ್ವಾ ಅವನು ಪ್ರಶ್ನೆ ಕೇಳಿದ್ದು!

ಒಮ್ಮೆಲೇ ಸಿಹಿನೀರು ಸುರಿಯುವ ಹಾಗಿಲ್ಲ. ಬಸವನಹುಳುಗಳಿಗೆ ಅದೂ ಪೆಟ್ಟೇ. ದಿನಕ್ಕೆ ಎರಡು ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು ಹಾಕುತ್ತಿದ್ದೇವೆ. ಇವತ್ತು 1.027. ಎರಡು ಬಸವನಹುಳು ಗಾಜಿಗೆ ಮರಳಿವೆ. ಅಂಗಾತ ಬಿದ್ದದ್ದನ್ನು ನೆಟ್ಟಗೆ ಮಾಡಿಟ್ಟರೂ ಚಿಪ್ಪಿನ ಬಾಗಿಲು ಮುಚ್ಚಿಕೊಂಡೇ ಇದೆ. ಸತ್ತಿದ್ದರೆ ಕೊಳೆತು ಮತ್ತೆ ಅಮೋನಿಯಾ ಏರುತ್ತದೆ, ತೆಗೆದುಬಿಡೋಣ ಅಂದೆ.

ತಮ್ಮ ಕೈ ಹಾಕಿ ಎತ್ತಿದ. ಮೂಗಿನ ಹತ್ತಿರ ಹಿಡಿದು ಮೂಸಿದ.

"ನಾತ ಇಲ್ಲ ಅಕ್ಕಾ. ಬದುಕಿದೆ ಇದು."

ವಾಪಸ್ ಇಟ್ಟು, ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕೂತ. ಒಂಬತ್ತಾಯಿತು, ಹತ್ತಾಯಿತು.

"ಊಟ ಮಾಡಲ್ವೇನೋ?"

"ಇರೇ, ಈಗ ಅಲ್ಲಾಡ್ತು ಅನ್ಸುತ್ತೆ."