ಡಬ್ಬಿಯಲ್ಲಿದ್ದ ಅರ್ಧ ಮಾತ್ರೆಗಳು

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನನಗೆ, ಕೊಟ್ಟ ಮಾತ್ರೆಯಿಂದ ಗುಣವೇ ಕಾಣುತ್ತಿಲ್ಲ ಎಂಬ ದೂರು ಹೊಸದಲ್ಲ. ಆದರೆ ಒಂದು ದಿನ ಒಂಬತ್ತನೆಯ ವಾರದ ಗರ್ಭಿಣಿಯೊಬ್ಬರು ಬಂದು, ಬಯಕೆ ಸಂಕಟಕ್ಕೆಂದು ನಾಲ್ಕು ದಿನಗಳ ಹಿಂದೆ ನಾನೇ ಕೊಟ್ಟಿದ್ದ ಮಾತ್ರೆಗಳನ್ನು ಕೌಂಟರಿನ ಮೇಲಿಟ್ಟಾಗ, ದೋಷ ಮಾತ್ರೆಯದ್ದಲ್ಲ, ನನ್ನದು ಎಂದು ತಿಳಿಯಿತು. ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಪ್ರತಿಯೊಂದು ಮಾತ್ರೆಯೂ ಬ್ಲೇಡಿನಿಂದ ಎರಡು ಹೋಳಾಗಿತ್ತು. ಕತ್ತರಿಸಿದ ಅಂಚಿನಲ್ಲಿ ಹೊದಿಕೆ ಚಕ್ಕೆಯೆದ್ದು, ತಳದಲ್ಲಿ ಬಿಳಿ ಪುಡಿ ಕೂತಿತ್ತು.

“ಪೂರ್ತಿ ಮಾತ್ರೆ ಮಗುವಿಗೆ ಜಾಸ್ತಿ ಆಗುತ್ತದೇನೋ ಅಂತ ಅರ್ಧ ಮಾಡಿಕೊಂಡೆ ಮೇಡಂ. ಅದನ್ನೂ ತೀರಾ ವಾಕರಿಕೆ ಬಂದಾಗ ಮಾತ್ರ ತಗೊಳ್ತಿದ್ದೆ” ಎಂದರು.

ಅವರಿಗೆ ಬರೆದಿದ್ದದ್ದು ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್, ಅಂದರೆ ವಿಟಮಿನ್ ಬಿ6, ತಲಾ 10 ಮಿಲಿಗ್ರಾಂ ಇರುವ ಮಾತ್ರೆ. ಅದರ ಹೊದಿಕೆ ಇರುವುದು ಅಂದಕ್ಕಲ್ಲ. ಅದು ಜಠರದ ಆಮ್ಲವನ್ನು ತಾಳಿಕೊಂಡು ಕರುಳಿನಲ್ಲಿ ಕರಗುತ್ತದೆ. ರಾತ್ರಿ ಮಲಗುವಾಗ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿದ ಔಷಧ ಹಲವು ಗಂಟೆಗಳ ಬಳಿಕ, ಬೆಳಗಿನ ಸಂಕಟ ಏಳುವ ಹೊತ್ತಿಗೆ, ರಕ್ತದಲ್ಲಿ ಸೇರಿರುತ್ತದೆ. ಕತ್ತರಿಸಿದರೆ ಈ ಲೆಕ್ಕ ತಪ್ಪುತ್ತದೆ. ವಾಂತಿ ಬರುವಂತಾದಾಗ ನುಂಗಿದರೆ ಔಷಧ ತಡವಾಗಿ ಕೆಲಸಕ್ಕೆ ಬರುತ್ತದೆ, ಅಥವಾ ವಾಂತಿಯ ಜೊತೆಯಲ್ಲೇ ಹೊರಬೀಳುತ್ತದೆ. ಹಾಗಾಗಿ ಇದು ಸಂಕಟವಿರಲಿ ಬಿಡಲಿ ದಿನವೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕಾದ ಮಾತ್ರೆ. ಸಾಮಾನ್ಯವಾಗಿ ರಾತ್ರಿ ಎರಡರಿಂದ ಆರಂಭಿಸಿ, ಸಾಲದಿದ್ದರೆ ವೈದ್ಯರು ಬೆಳಗ್ಗೆ ಒಂದು, ಆಮೇಲೆ ಮಧ್ಯಾಹ್ನ ಒಂದು ಸೇರಿಸುತ್ತಾರೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. (ಇದೇ ಸಂಯೋಜನೆ 20 ಮಿಲಿಗ್ರಾಂನಲ್ಲೂ ಇರುವುದರಿಂದ, ಬೇರೆಯವರ ಲೆಕ್ಕವನ್ನು ತಮ್ಮದಕ್ಕೆ ಹಚ್ಚಬಾರದು.) ಮಂಪರು ಬರುವುದುಂಟು, ಅದಿಳಿಯುವವರೆಗೆ ವಾಹನ ಓಡಿಸಬಾರದು.

ಇದರಲ್ಲಿ ಯಾವುದನ್ನೂ ನಾನು ಆ ದಿನ ಹೇಳಿರಲಿಲ್ಲ. ಸಾಲಿನಲ್ಲಿ ಜನರಿದ್ದರು; ಲಕೋಟೆಯ ಮೇಲೆ ‘ರಾತ್ರಿ 2’ ಎಂದು ಗೀಚಿ ಕೊಟ್ಟಿದ್ದೆ. ಬಸಿರಿನಲ್ಲಿ ಮಾತ್ರೆ ನುಂಗಲು ಹೆದರುವವರಿಗೆ ಅಷ್ಟು ಸಾಲದು.

ಆ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. 1957ರಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಅನ್ನು ಬಸುರಿಯರ ವಾಕರಿಕೆಗೂ ಕೊಡಲಾಗಿತ್ತು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳುವ ವೇಳೆಗೆ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದರು. ಆದರೆ ಅದೇ ಭಯ ಮುಂದೆ ಒಳ್ಳೆಯ ಔಷಧವೊಂದನ್ನೂ ಬಲಿ ತೆಗೆದುಕೊಂಡಿತು. ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಇದ್ದ ಬೆಂಡೆಕ್ಟಿನ್ ಅಮೆರಿಕದಲ್ಲಿ 1956ರಿಂದ ಬಳಕೆಯಲ್ಲಿತ್ತು. ಅಂಗವೈಕಲ್ಯಕ್ಕೆ ಅದೇ ಕಾರಣವೆಂಬ ಮೊಕದ್ದಮೆಗಳ ಹೊರೆ ತಾಳಲಾರದೆ ತಯಾರಕರು 1983ರಲ್ಲಿ ಅದನ್ನು ನಿಲ್ಲಿಸಿದರು. ಅಧ್ಯಯನಗಳು ಆ ಆರೋಪವನ್ನು ಎತ್ತಿಹಿಡಿಯಲಿಲ್ಲ. ಅದು ಸಿಗದಂತಾದ ಮೇಲೆ ವಾಂತಿಯಿಂದ ಆಸ್ಪತ್ರೆ ಸೇರುವ ಬಸುರಿಯರ ಪ್ರಮಾಣ ಏರಿತು. ಇದೇ ಸಂಯೋಜನೆಗೆ ಅಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ.

ಕೌಂಟರಿಗೆ ಬಂದಿದ್ದ ಆ ಗರ್ಭಿಣಿ ಬದಲಿಗೆ ಕೇಳಿದ್ದು ವಾಂತಿ ತಡೆಯುವ ಇನ್ನೊಂದು ಔಷಧ, ಒಂಡಾನ್ಸೆಟ್ರಾನ್. ನಾಲಗೆಯ ಮೇಲೆ ಕರಗುವ, ಬೇಗ ಕೆಲಸ ಮಾಡುವ ಮಾತ್ರೆಯೆಂದು ಗೆಳತಿ ಹೇಳಿದ್ದರಂತೆ. ಅದು ಕೆಟ್ಟ ಔಷಧವಲ್ಲ, ಆದರೆ ಮೊದಲ ಆಯ್ಕೆಯೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡವರಲ್ಲಿ ಸೀಳುತುಟಿ ಅಥವಾ ಸೀಳು ಅಂಗುಳದ ಪ್ರಕರಣಗಳು 10,000 ಹೆರಿಗೆಗಳಿಗೆ ಸುಮಾರು 3ರಷ್ಟು ಹೆಚ್ಚು ಕಂಡಿದ್ದವು. ಅಪಾಯ ಸಣ್ಣದು, ಆದರೂ ಮೊದಲ ಮಾತ್ರೆಯನ್ನು ಸರಿಯಾಗಿ ನುಂಗಿಯೇ ನೋಡದೆ ಎರಡನೆಯದಕ್ಕೆ ಹೋಗುವುದಕ್ಕೆ ಕಾರಣವಿರಲಿಲ್ಲ. ಮಲಬದ್ಧತೆ ಬೇರೆ ಕಾಡುತ್ತದೆ.

ಮಾತು ಮುಗಿಸುವ ಮೊದಲು ನೀರು ನಿಲ್ಲುತ್ತಿದೆಯೇ, ಮೂತ್ರ ಹೇಗಿದೆ, ತೂಕವೆಷ್ಟು ಇಳಿದಿದೆ ಎಂದು ಕೇಳಿದೆ. ಗುಟುಕು ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಬಸಿರಿಗೆ ಮೊದಲಿದ್ದ ತೂಕದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಇಳಿದಿದ್ದರೆ, ಅದು ಕೌಂಟರಿನಲ್ಲಿ ಪರಿಹಾರವಾಗುವ ಸಂಗತಿಯಲ್ಲ. ತಕ್ಷಣ ವೈದ್ಯರು ನೋಡಿ ಡ್ರಿಪ್ ಹಾಕಬೇಕಾಗಬಹುದು. ಬಹಳ ದಿನ ವಾಂತಿಯಾದವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಮಿನ್, ಅಂದರೆ ವಿಟಮಿನ್ ಬಿ1, ಕೊಡದಿದ್ದರೆ ಮೆದುಳಿಗೇ ಪೆಟ್ಟಾಗಬಹುದು ಎಂಬುದನ್ನು ನಮ್ಮ ವಿಭಾಗದ ಹೊಸಬರಿಗೆ ನಾನು ಮೊದಲ ವಾರದಲ್ಲೇ ಹೇಳುತ್ತೇನೆ. ಅದೃಷ್ಟಕ್ಕೆ ಇವರು ಆ ಹಂತ ತಲುಪಿರಲಿಲ್ಲ.

ವೈದ್ಯರೊಂದಿಗೆ ಮಾತನಾಡಿ ಅದೇ ಮಾತ್ರೆಯನ್ನು ಹೊಸದಾಗಿ ಕೊಟ್ಟೆ. ವಾರದ ನಂತರ ಬಂದಾಗ ದಿನಕ್ಕೆ ಐದಾರು ಸಲ ಆಗುತ್ತಿದ್ದ ವಾಂತಿ ಒಂದಕ್ಕೆ ಇಳಿದಿತ್ತು. ವಾಕರಿಕೆ ಪೂರ್ತಿ ಹೋಗಿರಲಿಲ್ಲ. ಈಗ ನಾನು ಲಕೋಟೆಯ ಮೇಲೆ ‘ಕತ್ತರಿಸಬೇಡಿ, ಅಗಿಯಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ, ಮತ್ತೆ ಬಂದವರನ್ನು ‘ನಿನ್ನೆ ಎಷ್ಟು ಹೊತ್ತಿಗೆ ತಗೊಂಡಿರಿ?’ ಎಂದು ಕೇಳುತ್ತೇನೆ.

ಹದಿನಾರನೆಯ ವಾರದಲ್ಲಿ, ಮಾತ್ರೆ ನಿಧಾನವಾಗಿ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದಾಗ, ಅವರು ನೇರ ಕೌಂಟರಿಗೆ ಬಂದು ನಗುತ್ತಾ ಕೇಳಿದರು: “ಈಗಲಾದರೂ ಅರ್ಧ ಮಾಡಬಹುದಾ ಮೇಡಂ?” ಇಲ್ಲ, ಒಂದೊಂದೇ ಇಡೀ ಮಾತ್ರೆಯನ್ನು ಬಿಡುತ್ತಾ ಬನ್ನಿ ಎಂದೆ.