ಕ್ರೊಯೇಷಿಯಾದ ದ್ವೀಪಗಳ ನಡುವೆ ಹಾಯಿದೋಣಿ ಸಂಸಾರ

ಹಾಯಿದೋಣಿಯಲ್ಲಿ ಕ್ರೊಯೇಷಿಯಾ ಸುತ್ತಬೇಕು ಎಂದುಕೊಂಡವರು ನನ್ನನ್ನು ಮೊದಲು ಕೇಳುವುದು ರೂಟ್. ರೂಟ್ ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಗಾಳಿಯ ವಿಷಯ ಹೇಳಲೇಬೇಕು. ಬೋಟಿನಲ್ಲೇ ವಾಸ ಮಾಡುವಾಗ ಎಷ್ಟು ಹೊತ್ತಿಗೆ ಏಳಬೇಕು, ಅಡುಗೆ ಯಾವಾಗ ಮುಗಿಸಬೇಕು, ರಾತ್ರಿ ಎಲ್ಲಿ ಮಲಗಬೇಕು ಎಲ್ಲವನ್ನೂ ಗಾಳಿಯೇ ಹೇಳುತ್ತದೆ. ಹೋಟೆಲ್ ಬುಕಿಂಗ್ ತರಹ ಊರೂರಿಗೆ ದಿನ ಹಂಚಿಕೊಂಡು ಬಂದವರಿಗೆ ಈ ಪ್ರವಾಸ ಕಷ್ಟವಾಗುತ್ತದೆ. ಒಂದೆರಡು ದಿನ ಖಾಲಿ ಬಿಟ್ಟುಕೊಂಡು ಬಂದವರಿಗೆ ಇದರಷ್ಟು ಖುಷಿ ಕೊಡುವ ರಜೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ನಾವು ಇರುವುದು ಮ್ಯೂನಿಕ್‌ನಲ್ಲಿ. ಜೂನ್ ತಿಂಗಳಲ್ಲಿ ನಾನು, ಹೆಂಡತಿ, ಮಗಳು, ಮೈಸೂರಿನಿಂದ ಬಂದ ಅಕ್ಕ ಮತ್ತು ಭಾವ ಒಟ್ಟಿಗೆ ಹೊರಟೆವು. ನಲವತ್ತು ಅಡಿಯ, ಮೂರು ಕೋಣೆಯ ಬಾಡಿಗೆ ಬೋಟು. ಐದು ಜನಕ್ಕೆ ಸಾಕಾಯಿತು. ಮೂರು ಕೋಣೆಯ ಬೋಟಿಗೆ ಆರು ಜನ, ಎಂಟು ಜನ ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ. ಊಟದ ಮೇಜನ್ನು ತಗ್ಗಿಸಿ ಹಾಸಿಗೆ ಮಾಡುವುದನ್ನೂ ಅದರಲ್ಲಿ ಲೆಕ್ಕ ಹಾಕಿರುತ್ತಾರೆ. ಅಲ್ಲಿ ಮಲಗುವವರು ಎಲ್ಲರಿಗಿಂತ ಕೊನೆಗೆ ಮಲಗಿ, ಎಲ್ಲರಿಗಿಂತ ಮೊದಲು ಏಳಬೇಕಾಗುತ್ತದೆ. ಹಿರಿಯರು ಜೊತೆಗಿದ್ದರೆ ಒಂದು ಕೋಣೆ ಜಾಸ್ತಿಯೇ ಇರಲಿ.

ಲೈಸೆನ್ಸ್ ವಿಷಯ. ಬೋಟನ್ನು ನೀವೇ ನಡೆಸುವುದಾದರೆ ಕ್ರೊಯೇಷಿಯಾ ಒಪ್ಪುವ ಲೈಸೆನ್ಸ್ ಬೇಕು. ಜೊತೆಗೆ ವಿಎಚ್‌ಎಫ್, ಅಂದರೆ ಬೋಟಿನಿಂದ ದಡದವರ ಜೊತೆ, ಬೇರೆ ಬೋಟಿನವರ ಜೊತೆ ಮಾತಾಡುವ ರೇಡಿಯೋ ಬಳಸುವ ಸರ್ಟಿಫಿಕೇಟ್ ಕೂಡ ಬೇಕು. ಯಾವ ದೇಶದ ಯಾವ ಸರ್ಟಿಫಿಕೇಟ್ ನಡೆಯುತ್ತದೆ ಅನ್ನುವ ಪಟ್ಟಿಯನ್ನು ಅಲ್ಲಿನ ಸಚಿವಾಲಯವೇ ಪ್ರಕಟಿಸುತ್ತದೆ. ದುಡ್ಡು ಕಟ್ಟುವ ಮೊದಲು ನಿಮ್ಮ ಸರ್ಟಿಫಿಕೇಟಿನ ಫೋಟೋ ಕಳಿಸಿ, ನಡೆಯುತ್ತದೆ ಎಂದು ಬೋಟು ಬಾಡಿಗೆ ಕೊಡುವವರಿಂದ ಬರಹದಲ್ಲಿ ತರಿಸಿಕೊಳ್ಳಿ. ಕ್ರೊಯೇಷಿಯಾದ್ದೇ ಆದ 'ಬಿ' ದರ್ಜೆಯ ಪರೀಕ್ಷೆಯೂ ಇದೆ. ಅದನ್ನು ಅಲ್ಲಿನ ಬಂದರು ಕಚೇರಿಗಳಲ್ಲಿ ಇಂಗ್ಲಿಷ್‌ನಲ್ಲಿ ಬರೆಯಬಹುದು, ವಿಎಚ್‌ಎಫ್ ಕೂಡ ಅದರಲ್ಲೇ ಸೇರಿದೆ. ಆದರೆ ನೀರಿನ ಮೇಲೆ ಅನುಭವವಿಲ್ಲದೆ ಬರೀ ಕಾಗದ ಹಿಡಿದು ಹೊರಡಬೇಡಿ. ಮೊದಲ ಸಲ ಹೋಗುವವರು ಸ್ಕಿಪ್ಪರ್, ಅಂದರೆ ಬೋಟು ನಡೆಸಿಕೊಡುವ ನುರಿತವರು, ಒಬ್ಬರನ್ನು ಗೊತ್ತುಮಾಡಿಕೊಳ್ಳುವುದೇ ಒಳ್ಳೆಯದು. ದಿನಕ್ಕೆ ಸುಮಾರು 200 ಯೂರೋ ಆಗುತ್ತದೆ. ಅವರ ಊಟ ನಿಮ್ಮ ಖರ್ಚು, ಮಲಗಲು ಒಂದು ಜಾಗವನ್ನೂ ಕೊಡಬೇಕು. ದುಬಾರಿ ಅನ್ನಿಸಬಹುದು. ಆದರೆ ಗಾಳಿ ಬೀಸುವಾಗ ಇಕ್ಕಟ್ಟಾದ ಬಂದರಿನೊಳಗೆ ಹಿಮ್ಮುಖವಾಗಿ ಬೋಟು ನುಗ್ಗಿಸುವುದನ್ನು ಅವರ ಪಕ್ಕ ನಿಂತು ಕಲಿಯಬಹುದು. ಅಷ್ಟಕ್ಕೇ ಆ ದುಡ್ಡು ಸಾರ್ಥಕ.

ಭಾರತದಿಂದ ಬರುವವರಿಗೆ ವೀಸಾ ಈಗ ಸುಲಭವಾಗಿದೆ. 2023ರ ಜನವರಿ 1ರಿಂದ ಕ್ರೊಯೇಷಿಯಾ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಶೆಂಗೆನ್ ವಲಯದಲ್ಲಿದೆ, ಯೂರೋ ಬಳಕೆಯೂ ಅಂದಿನಿಂದಲೇ. ಅಕ್ಕ-ಭಾವ ಶೆಂಗೆನ್ ವೀಸಾದಲ್ಲೇ ಮ್ಯೂನಿಕ್‌ಗೆ ಬಂದು, ನಮ್ಮ ಜೊತೆ ಕಾರಿನಲ್ಲಿ ಹೊರಟರು.

ಈಗ ಗಾಳಿ. ಬೇಸಿಗೆಯಲ್ಲಿ ದಿನಾ ಬರುವ ಗಾಳಿ ಮಾಯೆಸ್ತ್ರಾಲ್. ವಾಯವ್ಯದಿಂದ ಬೀಸುತ್ತದೆ. ಬೆಳಿಗ್ಗೆ ಸಮುದ್ರ ಸುಮ್ಮನಿರುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಗಾಳಿ ಶುರುವಾಗಿ, ಮಧ್ಯಾಹ್ನ ಎರಡು ಮೂರಕ್ಕೆ ಜೋರಾಗಿ, ಸೂರ್ಯ ಮುಳುಗುವಾಗ ನಿಲ್ಲುತ್ತದೆ. ಹಾಯಿಗೆ ಇದಕ್ಕಿಂತ ಒಳ್ಳೆಯ ಗಾಳಿ ಬೇಡ. ಯೂಗೊ ಆಗ್ನೇಯದ ಗಾಳಿ. ಮೋಡ, ಸೆಖೆ, ಮಳೆ ಜೊತೆಗೆ ಬರುತ್ತದೆ. ಎರಡು ಮೂರು ದಿನ ನಿಧಾನಕ್ಕೆ ಏರುತ್ತಾ ದೊಡ್ಡ ಅಲೆ ಎಬ್ಬಿಸುತ್ತದೆ. ಬೂರಾ ಈಶಾನ್ಯದ್ದು. ಬೆಟ್ಟಗಳ ಮೇಲಿಂದ ಕೆಳಕ್ಕೆ ಬೀಳುವ ಒಣ, ತಣ್ಣನೆ ಗಾಳಿ. ಆಕಾಶ ಸ್ವಚ್ಛ ನೀಲಿ ಇದ್ದಾಗಲೇ ಬರಬಹುದು, ಅದಕ್ಕೇ ಅದನ್ನು ಕಂಡರೆ ಭಯ. ದಡದ ಬೆಟ್ಟದ ತುದಿಗೆ ಬಿಳಿ ಮೋಡದ ಟೊಪ್ಪಿಗೆ ಕೂತರೆ ಬೂರಾ ಬರುವ ಸೂಚನೆ ಎಂದು ಅಲ್ಲಿನವರು ಹೇಳುತ್ತಾರೆ. ಇನ್ನು ನೆವೆರಾ ಅನ್ನುವುದು ಬೇಸಿಗೆಯಲ್ಲಿ ಪಶ್ಚಿಮದಿಂದ ದಿಢೀರನೆ ನುಗ್ಗುವ ಗುಡುಗು-ಸಿಡಿಲಿನ ಬಿರುಗಾಳಿ. ಬೇಗ ಬಂದು ಬೇಗ ಹೋಗುತ್ತದೆ, ಆದರೆ ಆ ಹೊತ್ತಿನಲ್ಲಿ ಹಾಯಿ ಇಳಿಸಿರಬೇಕು. ಹವಾಮಾನ ಇಲಾಖೆಯ ಸಮುದ್ರದ ಮುನ್ಸೂಚನೆಯನ್ನು ಬೆಳಿಗ್ಗೆ ಸಂಜೆ ಓದುವುದನ್ನು ಹಲ್ಲುಜ್ಜುವಷ್ಟೇ ಕಡ್ಡಾಯ ಮಾಡಿಕೊಳ್ಳಿ. ಸ್ಪ್ಲಿಟ್ ನಗರದ ಕರಾವಳಿ ರೇಡಿಯೋ ಕೇಂದ್ರ ಅದನ್ನು ವಿಎಚ್‌ಎಫ್‌ನಲ್ಲಿ ಇಂಗ್ಲಿಷ್‌ನಲ್ಲೂ ಓದಿ ಹೇಳುತ್ತದೆ. ಅಪಾಯ ಬಂದರೆ ಚಾನೆಲ್ 16, ಫೋನಿನಲ್ಲಾದರೆ 195.

ಇನ್ನು ರೂಟ್. ಹೆಚ್ಚಿನ ಬೋಟುಗಳು ಸ್ಪ್ಲಿಟ್, ಕಾಶ್ಟೆಲಾ, ಟ್ರೊಗಿರ್ ಊರುಗಳ ಕಡೆಯಿಂದ ಶನಿವಾರ ಸಂಜೆ ಸಿಗುತ್ತವೆ. ಮರುವಾರ ಶುಕ್ರವಾರ ಸಂಜೆಯೊಳಗೆ ವಾಪಸ್ ತರಬೇಕು. ಶನಿವಾರ ಬೆಳಿಗ್ಗೆ ಖಾಲಿ ಮಾಡಬೇಕು. ಶನಿವಾರವೇ ಹೊರಟುಬಿಡುವ ಆಸೆ ಬೇಡ. ಆ ಸಂಜೆಯನ್ನು ಸಾಮಾನು ಜೋಡಿಸಲು, ಬೋಟಿನ ಪ್ರತಿ ಸ್ವಿಚ್ಚು, ಪ್ರತಿ ವಾಲ್ವ್ ನೋಡಲು ಇಟ್ಟುಕೊಳ್ಳಿ. ಹಳೆಯ ಗೀರು, ಹರುಕು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ, ಠೇವಣಿ ದೊಡ್ಡದು. ನಮ್ಮ ಅಳತೆಯ ಬೋಟಿಗೆ ಸಾವಿರಗಟ್ಟಲೆ ಯೂರೋ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ.

ಮೊದಲ ದಿನ ಬ್ರಾಚ್ ದ್ವೀಪದ ಮಿಲ್ನಾ ಸಾಕು. ಸ್ಪ್ಲಿಟ್‌ನಿಂದ ಹತ್ತು ಹನ್ನೊಂದು ನಾಟಿಕಲ್ ಮೈಲಿ (ಸಮುದ್ರದ ಮೈಲಿ, ಒಂದಕ್ಕೆ ಸುಮಾರು 1.85 ಕಿಲೋಮೀಟರ್) ಅಷ್ಟೆ. ಶೋಲ್ಟಾ ಮತ್ತು ಬ್ರಾಚ್ ದ್ವೀಪಗಳ ನಡುವಿನ ಕಿರಿದಾದ ದಾರಿಯಲ್ಲಿ ದೊಡ್ಡ ಫೆರ್ರಿಗಳೂ ಓಡಾಡುತ್ತವೆ, ಅಲ್ಲಿ ಎಚ್ಚರ. ಹಾಯಿ ಏರಿಸುವುದು, ಹಗ್ಗ ಸುತ್ತುವುದು ಎಲ್ಲರಿಗೂ ಕೈಗೆ ಹತ್ತಲಿ.

ಅಲ್ಲಿಂದ ಹ್ವಾರ್ ದ್ವೀಪ. ಎಲ್ಲರೂ ಹ್ವಾರ್ ಪಟ್ಟಣಕ್ಕೆ ಓಡುತ್ತಾರೆ. ನನ್ನ ಮಾತು ಕೇಳುವುದಾದರೆ ಉತ್ತರದ ಸ್ಟಾರಿ ಗ್ರಾದ್‌ಗೆ ಹೋಗಿ. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದಿಂದ ಬಂದ ಗ್ರೀಕರು ಕಟ್ಟಿದ ಊರು ಅದು. ಅವರು ಅಳೆದು ಕಲ್ಲಿನ ಗೋಡೆ ಹಾಕಿ ಹಂಚಿಕೊಂಡ ಹೊಲಗಳು ಊರಾಚೆ ಇವತ್ತಿಗೂ ಹಾಗೇ ಇವೆ. ದ್ರಾಕ್ಷಿ, ಆಲಿವ್ ಬೆಳೆಯುತ್ತಿವೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಬಯಲು ಅದು. ದಡದಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಭಾವ ಕೃಷಿ ಇಲಾಖೆಯಲ್ಲಿದ್ದವರು. ಎರಡು ಸಾವಿರ ವರ್ಷ ದಾಟಿದ ಬದುಗಳ ಮಧ್ಯೆ ಅವರು ಸೈಕಲ್ ನಿಲ್ಲಿಸಿ ಮಣ್ಣು ಮುಟ್ಟಿ ನೋಡುತ್ತಿದ್ದಾಗ ನನಗೆ ಈ ಪ್ರವಾಸ ಅವರಿಗೂ ದಕ್ಕಿತು ಅನ್ನಿಸಿತು. ಒಂದು ತೊಂದರೆ: ಈ ಕೊಲ್ಲಿಯ ಬಾಯಿ ವಾಯವ್ಯಕ್ಕೆ. ಮಧ್ಯಾಹ್ನದ ಮಾಯೆಸ್ತ್ರಾಲ್ ನೇರ ಒಳಗೆ ಬರುತ್ತದೆ. ಬೋಟು ಕಟ್ಟುವುದಿದ್ದರೆ ಗಾಳಿ ಏರುವ ಮೊದಲೇ ಸೇರಿಕೊಳ್ಳಿ.

ನನಗೆ ತುಂಬಾ ಇಷ್ಟವಾದದ್ದು ವಿಸ್. ದಡದಿಂದ ದೂರದ ದ್ವೀಪ. ಯುಗೊಸ್ಲಾವಿಯಾ ಕಾಲದಲ್ಲಿ ಮಿಲಿಟರಿ ನೆಲೆಯಾಗಿತ್ತು. 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಅದಕ್ಕೇ ದೊಡ್ಡ ಹೋಟೆಲ್‌ಗಳು ಏಳಲಿಲ್ಲ. ಸಬ್‌ಮರೀನ್ ಅಡಗಿಸಲು ಬಂಡೆ ಕೊರೆದು ಮಾಡಿದ ಸುರಂಗ ಈಗಲೂ ನೀರಿನ ಅಂಚಿನಲ್ಲಿ ಬಾಯಿ ತೆರೆದುಕೊಂಡಿದೆ. ಇಲ್ಲಿ ಬೋಟಿಗೆ ಎರಡು ಊರು: ಈಶಾನ್ಯಕ್ಕೆ ತೆರೆದ ವಿಸ್ ಪಟ್ಟಣ, ಪಶ್ಚಿಮಕ್ಕೆ ತೆರೆದ ಕೊಮಿಝಾ. ಬೂರಾ ಬರುವುದಿದ್ದರೆ ವಿಸ್ ಪಟ್ಟಣ ಬೇಡ. ಪಶ್ಚಿಮದ ಅಲೆ ಇದ್ದರೆ, ಯೂಗೊ ಏಳುವುದಿದ್ದರೆ ಕೊಮಿಝಾ ಬೇಡ. ನಾವು ಹೋದಾಗ ಯೂಗೊ ಮುನ್ಸೂಚನೆ ಬಂತು. ಬೋಟನ್ನು ವಿಸ್ ಪಟ್ಟಣದಲ್ಲೇ ಭದ್ರವಾಗಿ ಕಟ್ಟಿ, ಗುಡ್ಡ ದಾಟಿ ಬಸ್ಸಿನಲ್ಲಿ ಕೊಮಿಝಾಕ್ಕೆ ಹೋದೆವು. ಹತ್ತು ಕಿಲೋಮೀಟರ್ ಅಷ್ಟೆ. ಅಲ್ಲಿನ ಹಳೇ ಕೋಟೆಯೊಳಗೆ ಮೀನುಗಾರರ ಮ್ಯೂಸಿಯಂ ಇದೆ. ಫಾಲ್ಕುಶಾ ಅನ್ನುವ ದೋಣಿ ಅಲ್ಲಿದೆ. ಹುಟ್ಟು ಹಾಕಿಯೂ, ತ್ರಿಕೋನ ಹಾಯಿ ಕಟ್ಟಿಯೂ ಕೊಮಿಝಾದವರು 42 ನಾಟಿಕಲ್ ಮೈಲಿ ಆಚೆಯ ಪಾಲಾಗ್ರುಝಾ ದ್ವೀಪದವರೆಗೆ ಸಾರ್ಡಿನ್ ಮೀನಿಗೆ ಹೋಗುತ್ತಿದ್ದರು. ಆ ದ್ವೀಪದಲ್ಲಿ ದೋಣಿ ಎಳೆಯುವ ಜಾಗ ಕಡಿಮೆ. ಹಾಗಾಗಿ ಮೊದಲು ಮುಟ್ಟಲು ಊರಿಗೆ ಊರೇ ಪೈಪೋಟಿಯಲ್ಲಿ ಹೊರಡುತ್ತಿತ್ತು. ನಮ್ಮ ಕರಾವಳಿಯ ಹಳೇ ಹಾಯಿಹಡಗು ಪತ್ತೆಮಾರಿಗೂ ತ್ರಿಕೋನದ ಹಾಯಿಯೇ ಇತ್ತು. ನಮ್ಮಲ್ಲೂ ಅವುಗಳಿಗೆ ಇಂಥದೊಂದು ಮನೆ ಬೇಕು ಅಂತ ನಾವು ಮಾತಾಡಿಕೊಂಡೆವು.

ಬಿಶೆವೊ ದ್ವೀಪದ ನೀಲಿ ಗುಹೆ ಕೊಮಿಝಾದ ಎದುರಿಗೇ ಇದೆ. ಬಿಸಿಲಿರುವ ದಿನ ಹನ್ನೊಂದು, ಹನ್ನೆರಡರ ಹೊತ್ತಿಗೆ ಒಳಗಿನ ನೀರು ಬೆಳಗುತ್ತದೆ. ನಿಮ್ಮ ಬೋಟು ಒಳಗೆ ಹೋಗುವುದಿಲ್ಲ. ಟಿಕೆಟ್ ತೆಗೆದುಕೊಂಡು ಅವರ ಸಣ್ಣ ದೋಣಿಯಲ್ಲಿ ತಲೆ ಬಗ್ಗಿಸಿ ಹೋಗಬೇಕು. ಅಲೆ ಇದ್ದರೆ ಮುಚ್ಚುತ್ತಾರೆ, ನಮಗೂ ಮುಚ್ಚಿತ್ತು. ಅದೊಂದಕ್ಕಾಗಿ ಪ್ರವಾಸದ ದಿನಗಳನ್ನು ಕಟ್ಟಿಕೊಳ್ಳಬೇಡಿ.

ವಾಪಸ್ ಬರುವ ದಾರಿ ಲೆಕ್ಕದಲ್ಲಿರಲಿ. ವಿಸ್‌ನಿಂದ ಸ್ಪ್ಲಿಟ್ ಕಡೆ ಉತ್ತರಕ್ಕೆ ಬರುವಾಗ ಮಾಯೆಸ್ತ್ರಾಲ್ ಹೆಚ್ಚು ಕಡಿಮೆ ಎದುರಿಗೇ ಸಿಗುತ್ತದೆ. ಐದಾರು ನಾಟ್, ಅಂದರೆ ತಾಸಿಗೆ ಐದಾರು ನಾಟಿಕಲ್ ಮೈಲಿ ವೇಗದಲ್ಲಿ ಇಪ್ಪತ್ತೈದು ಮೈಲಿ ಅಂದರೆ ಐದು ತಾಸು. ಎದುರು ಗಾಳಿಗೆ ಹಾಯಿಯಲ್ಲಿ ಅಂಕುಡೊಂಕಾಗಿ ಹೋದರೆ ಇನ್ನೂ ಜಾಸ್ತಿ. ಬೆಳಗಿನ ಜಾವ ಎಂಜಿನ್‌ನಲ್ಲಿ ಹೊರಟು ಅರ್ಧ ದಾರಿ ಮುಗಿಸಿ, ಆಮೇಲೆ ಹಾಯಿ ಬಿಡುವುದು ಒಳ್ಳೆಯದು.

ಬೋಟಿನ ಮನೆವಾರ್ತೆ ನೀರಿನ ಸುತ್ತ ನಡೆಯುತ್ತದೆ. ನಮ್ಮ ಅಳತೆಯ ಬೋಟಿನ ಟ್ಯಾಂಕು 300ರಿಂದ 500 ಲೀಟರ್. ಐದು ಜನ ಮನೆಯಲ್ಲಿ ಮಾಡುವಂತೆ ಸ್ನಾನ ಮಾಡಿದರೆ ಎರಡನೇ ದಿನ ಖಾಲಿ. ನಾವು ಪಾತ್ರೆಗಳನ್ನು ಮೊದಲು ಸಮುದ್ರದ ನೀರಲ್ಲಿ ತೊಳೆದು, ಕೊನೆಗೆ ಸ್ವಲ್ಪ ಸಿಹಿನೀರಲ್ಲಿ ಜಾಲಿಸುತ್ತಿದ್ದೆವು. ಸಮುದ್ರದಲ್ಲಿ ಈಜಿ, ಬೋಟಿನ ಹಿಂಭಾಗದ ಶವರ್‌ನಲ್ಲಿ ಉಪ್ಪು ಹೋಗುವಷ್ಟು ನೀರು ಹುಯ್ದುಕೊಂಡರೆ ಸ್ನಾನ ಮುಗಿಯಿತು. ಟಾಯ್ಲೆಟ್‌ಗೆ ಕಾಗದ ಕೂಡ ಹಾಕಬೇಡಿ. ಪೈಪು ಸಣ್ಣದು, ಕಟ್ಟಿಕೊಂಡರೆ ಬಿಚ್ಚಿ ತೆಗೆಯುವವರು ನೀವೇ. ಕರೆಂಟಿನಲ್ಲಿ ಹೆಚ್ಚು ತಿನ್ನುವುದು ಫ್ರಿಜ್ಜು. ಲಂಗರು ಹಾಕಿ ರಾತ್ರಿ ಕಳೆಯುವಾಗ ಅದನ್ನು ತಗ್ಗಿಸಿಡಿ. ಹೇರ್ ಡ್ರೈಯರ್, ಮಿಕ್ಸಿ ಮರೀನಾದ (ದುಡ್ಡು ಕೊಟ್ಟು ಬೋಟು ನಿಲ್ಲಿಸುವ ಬಂದರಿನ) ಕರೆಂಟು ಚುಚ್ಚಿದಾಗ ಮಾತ್ರ.

ಅಡುಗೆಗೆ ಒಂದೇ ಒಂದು ವಸ್ತು ತರುವುದಾದರೆ ಸಣ್ಣ ಪ್ರೆಶರ್ ಕುಕ್ಕರ್ ತನ್ನಿ. ಮುಚ್ಚಳ ಬಿಗಿ ಇರುವುದರಿಂದ ಬೋಟು ವಾಲಿದರೂ ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ದೂರ ಸಮುದ್ರಯಾನ ಮಾಡುವ ಬೇರೆ ದೇಶದವರೂ ಇದನ್ನು ಇಟ್ಟುಕೊಳ್ಳುವುದು ಇದಕ್ಕೇ. ಅಡುಗೆ ಆದ ಕೂಡಲೇ ಗ್ಯಾಸಿನ ವಾಲ್ವ್ ಮುಚ್ಚಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳದಲ್ಲಿ ಕೂರುತ್ತದೆ. ಅಕ್ಕ ಬೆಳಿಗ್ಗೆ ಗಾಳಿ ಏಳುವ ಮೊದಲೇ ಅನ್ನ, ಹುಳಿ ಮಾಡಿ ಮುಗಿಸುತ್ತಿದ್ದಳು. ಬೋಟು ಓಡುವಾಗ ಅವಲಕ್ಕಿ, ಚಟ್ನಿಪುಡಿ, ಸೌತೆಕಾಯಿ. ಭಾರತದಿಂದ ಬರುವವರು ಪುಡಿಗಳು, ಬೇಳೆ ತನ್ನಿ. ತುಪ್ಪ, ಹಾಲಿನ ಸಿಹಿ, ಹಸಿ ಕರಿಬೇವು ತರಬೇಡಿ. ಯುರೋಪಿನ ನಿಯಮ ಅದಕ್ಕೆ ಬಿಡುವುದಿಲ್ಲ. ಸಸ್ಯಾಹಾರಿಗಳು ಕೊಮಿಝಾದ ಪೊಗಾಚಾ ರೊಟ್ಟಿ ತಿನ್ನುವ ಮೊದಲು ಕೇಳಿ, ಅದರೊಳಗೆ ಮೀನಿರುತ್ತದೆ. ಬ್ಲಿಟ್ವಾ ಅನ್ನುವ ಸೊಪ್ಪು-ಆಲೂಗಡ್ಡೆ ಪಲ್ಯ ಎಲ್ಲಾ ಕಡೆ ಸಿಗುತ್ತದೆ, ರುಚಿಯೂ ಚೆನ್ನ.

ರಾತ್ರಿ ಎಲ್ಲಿ? ಮರೀನಾ ದುಬಾರಿ, ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನಕ್ಕೇ ತುಂಬುತ್ತದೆ. ಕೊಲ್ಲಿಗಳಲ್ಲಿ ದುಡ್ಡು ಕೊಟ್ಟು ಬೋಟು ಕಟ್ಟುವ ಬೋಯ್‌ಗಳು, ಅಂದರೆ ತಳಕ್ಕೆ ಬಿಗಿದ ತೇಲುಬುರುಡೆಗಳು, ಇವೆ. ಕೆಲವು ಕೊನೊಬಾಗಳು, ಅಂದರೆ ದಡದ ಸಣ್ಣ ಹೋಟೆಲ್‌ಗಳು, ಅಲ್ಲೇ ಊಟ ಮಾಡಿದರೆ ಬೋಟು ಕಟ್ಟಲು ಬಿಡುತ್ತವೆ. ಬೆಳಿಗ್ಗೆಯೇ ಫೋನ್ ಮಾಡಿ. ಲಂಗರು ಹಾಕುವುದಾದರೆ ಮರಳಿನ ಮೇಲೆ ಹಾಕಿ. ಕಪ್ಪಾಗಿ ಕಾಣುವ ಜಾಗ ಪೊಸಿಡೋನಿಯಾ ಅನ್ನುವ ಕಡಲಹುಲ್ಲು. ಅದರಲ್ಲಿ ಲಂಗರು ಸರಿಯಾಗಿ ಹಿಡಿಯುವುದಿಲ್ಲ, ಹುಲ್ಲೂ ಕಿತ್ತುಹೋಗುತ್ತದೆ. ಆ ಹುಲ್ಲಿನಲ್ಲೇ ಮರಿಮೀನುಗಳು ಬೆಳೆಯುವುದು, ಮತ್ತೆ ಬೆಳೆಯಲು ಅದಕ್ಕೆ ವರ್ಷಗಟ್ಟಲೆ ಬೇಕು. ಆಳದ ನಾಲ್ಕೈದು ಪಟ್ಟು ಸರಪಳಿ ಬಿಟ್ಟು, ಎಂಜಿನ್ ಹಿಂದಕ್ಕೆ ಕೊಟ್ಟು ಹಿಡಿದಿದೆಯಾ ನೋಡಿ. ಸಾಧ್ಯವಾದರೆ ಈಜುಗನ್ನಡಕ ಹಾಕಿ ಮುಳುಗಿ ಕಣ್ಣಾರೆ ನೋಡಿ ಬನ್ನಿ.

ಸೂಟ್‌ಕೇಸ್ ಬೇಡ, ಮಡಚುವ ಬಟ್ಟೆ ಬ್ಯಾಗ್ ತನ್ನಿ. ಗಟ್ಟಿ ಸೂಟ್‌ಕೇಸ್ ಇಡಲು ಬೋಟಿನಲ್ಲಿ ಜಾಗವಿಲ್ಲ. ದಡದ ಬಂಡೆಗಳಲ್ಲಿ ಮೈತುಂಬಾ ಮುಳ್ಳಿರುವ ಕಡಲಚೆಂಡು (ಸೀ ಅರ್ಚಿನ್) ಅನ್ನುವ ಜೀವಿಗಳಿರುತ್ತವೆ, ನೀರಿಗಿಳಿಯಲು ರಬ್ಬರ್ ಶೂ ಬೇಕೇ ಬೇಕು. ಬೋಟಿನ ಓಲಾಟಕ್ಕೆ ಬರುವ ತಲೆಸುತ್ತು-ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ಪ್ರಯೋಜನ ಕಡಿಮೆ. ಅಕ್ಕನಿಗೆ ಹೊಟ್ಟೆ ತೊಳೆಸಿದಾಗ ಕೋಣೆಗೆ ಹೋಗಿ ಮಲಗಲು ಬಿಡಲಿಲ್ಲ. ಚುಕ್ಕಾಣಿ ಅವಳ ಕೈಗೆ ಕೊಟ್ಟು, ದೂರದ ದ್ವೀಪವನ್ನೇ ನೋಡುತ್ತಿರು ಅಂದೆವು. ಅರ್ಧ ತಾಸಿನಲ್ಲಿ ಸರಿಯಾದಳು. ಆಮೇಲೆ ಚುಕ್ಕಾಣಿ ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಶುಕ್ರವಾರ ಸಂಜೆ ಎಲ್ಲಾ ಬೋಟುಗಳೂ ಡೀಸೆಲ್ ತುಂಬಿಸಲು ಒಟ್ಟಿಗೆ ಬರುತ್ತವೆ, ಸಾಲು ಉದ್ದ. ಮಧ್ಯಾಹ್ನದೊಳಗೆ ಪಂಪ್ ಮುಟ್ಟಿದರೆ ಗಡಿಬಿಡಿ ಇಲ್ಲ. ಸಂಜೆ ಬೋಟಿನವರ ಡೈವರ್ ತಳ ನೋಡಲು ಬರುತ್ತಾನೆ, ಆಗ ನೀವು ಅಲ್ಲೇ ಇರಿ. ತಿಂಗಳ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಜೂನ್ ಅಥವಾ ಸೆಪ್ಟೆಂಬರ್ ನೋಡಿ. ಜುಲೈ-ಆಗಸ್ಟ್‌ಗಿಂತ ಬಾಡಿಗೆ ತುಂಬಾ ಕಡಿಮೆ, ಬಂದರುಗಳಲ್ಲಿ ಜಾಗ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಂತೂ ನೀರು ಇನ್ನೂ ಬೆಚ್ಚಗಿರುತ್ತದೆ. ಮಕ್ಕಳಿದ್ದರೆ ಅವರ ತೂಕ ಹೇಳಿ ಸರಿಯಾದ ಲೈಫ್ ಜಾಕೆಟನ್ನು ಬುಕಿಂಗ್ ಮಾಡುವಾಗಲೇ ಕೇಳಿ ಇಟ್ಟುಕೊಳ್ಳಿ. ಬೋಟಿನಲ್ಲಿ ಸುಮ್ನೆ ಇಟ್ಟಿರುವವು ದೊಡ್ಡವರ ಅಳತೆಯವು.