ಆಯಿಲ್ ಫರ್ನೇಸ್‌ಗೆ ಸಾಕಷ್ಟು ಗಾಳಿ: ಶ್ರೂಸ್‌ಬರಿ ಮನೆಯ ಕೆಲಸದ ಟಿಪ್ಪಣಿ

ಸೆಪ್ಟೆಂಬರ್ ಮೊದಲ ವಾರ

ನಮ್ಮ ಮನೆ ಇರುವುದು ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿ. 1960ರ ದಶಕದ ಕಟ್ಟಡ. ಈ ಕಡೆಯ ಹಳೆ ಮನೆಗಳ ಬೇಸ್‌ಮೆಂಟಿನಲ್ಲಿ 275 ಗ್ಯಾಲನ್ ಹಿಡಿಯುವ ಎಣ್ಣೆ ಟ್ಯಾಂಕ್, ಅದರಿಂದ ಸ್ವಲ್ಪ ದೂರದಲ್ಲಿ ಒಂದು ಫರ್ನೇಸ್ ಇರುವುದು ಮಾಮೂಲು. ಎಣ್ಣೆ ಉರಿಯುತ್ತದೆ, ಆ ಕಾವಿಗೆ ಗಾಳಿ ಬಿಸಿಯಾಗುತ್ತದೆ, ಬ್ಲೋವರ್ ಅದನ್ನು ಡಕ್ಟ್‌ಗಳಲ್ಲಿ ಕೋಣೆ ಕೋಣೆಗೆ ತಳ್ಳುತ್ತದೆ. ಹೊಗೆ ಇಟ್ಟಿಗೆ ಚಿಮಣಿಯಲ್ಲಿ ಮೇಲೆ ಹೋಗುತ್ತದೆ.

ಹೋದ ಚಳಿಗಾಲದಲ್ಲಿ ಎಣ್ಣೆ ಉರಿಸುವ ಬರ್ನರ್ ಸುತ್ತ ಮಸಿ ಕಟ್ಟತೊಡಗಿತು. ನಾಜಲ್ (ಎಣ್ಣೆ ಚಿಮುಕಿಸುವ ಮೂತಿ) ಬದಲಾಯಿಸಿ ಸರ್ವಿಸ್ ಮಾಡಿಸಿದರೂ ತಿಂಗಳಲ್ಲೇ ಮತ್ತೆ ಅದೇ ಕಥೆ. ಅದಕ್ಕೂ ಮೊದಲ ಬೇಸಿಗೆಯಲ್ಲಿ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿ, ಕಿಟಕಿ ಬದಲಾಯಿಸಿ, ಗೋಡೆ ಸಂದುಗಳನ್ನೆಲ್ಲ ಫೋಮ್ ತುಂಬಿ ಮುಚ್ಚಿಸಿದ್ದೆವು. ಮನೆ ಬೆಚ್ಚಗಾಯಿತು, ನಿಜ. ಆದರೆ ಅರವತ್ತು ವರ್ಷದಿಂದ ಫರ್ನೇಸ್‌ಗೆ ಗಾಳಿ ಬರುತ್ತಿದ್ದದ್ದು ಅದೇ ಸಂದುಗಳಿಂದ ಅಲ್ವಾ? ಈಗ ಹಳೆಯದರ ಹೀಟ್ ಎಕ್ಸ್‌ಚೇಂಜರ್, ಅಂದರೆ ಬೆಂಕಿಯ ಕಾವನ್ನು ಗಾಳಿಗೆ ದಾಟಿಸುವ ಲೋಹದ ಗೂಡು, ಕೂಡ ಬಿರುಕು ಬಿಟ್ಟಿದೆ. ಹೊಸದು ಹಾಕಲೇಬೇಕು. ಈ ಸಲ ಗಾಳಿಯ ಲೆಕ್ಕ ಮೊದಲು, ಫರ್ನೇಸ್ ಆಮೇಲೆ.

ಒಂದು ಮಾತು. ಇಲ್ಲಿ ಆಯಿಲ್ ಬರ್ನರ್ ಹಾಕುವುದು ಮನೆಯವರು ಕೈ ಹಾಕುವ ಕೆಲಸ ಅಲ್ಲ. ಸರ್ಟಿಫಿಕೇಟ್ ಇರುವ ಟೆಕ್ನೀಷಿಯನ್ನೇ ಹಾಕಬೇಕು, ಊರಿನ ಫೈರ್ ಡಿಪಾರ್ಟ್‌ಮೆಂಟಿನಿಂದ ಪರ್ಮಿಟ್ ತೆಗೆಯಬೇಕು. ಈ ಕಾನೂನು ಇರುವುದು ಒಳ್ಳೆಯದೇ. ನನ್ನ ಪಾಲಿಗೆ ಉಳಿದದ್ದು ಅಳತೆ, ಲೆಕ್ಕ, ಬಡಗಿ ಕೆಲಸ ಮತ್ತು ಪರೀಕ್ಷೆ.

ಸೆಪ್ಟೆಂಬರ್ ಕೊನೆ

ಲೆಕ್ಕ ಹೀಗಿದೆ. ಹೊಸ ಬರ್ನರ್ ಗಂಟೆಗೆ 0.75 ಗ್ಯಾಲನ್ ಎಣ್ಣೆ ಉರಿಸುತ್ತದೆ. ಒಂದು ಗ್ಯಾಲನ್ನಿಗೆ ಸುಮಾರು 1,39,000 ಬಿಟಿಯು (ಇಲ್ಲಿ ಕಾವನ್ನು ಅಳೆಯುವ ಮಾನ). ಅಂದರೆ ಗಂಟೆಗೆ ಹತ್ತಿರ ಹತ್ತಿರ 1,05,000 ಬಿಟಿಯು. ಸಾವಿರ ಬಿಟಿಯುಗೆ 50 ಘನ ಅಡಿ ಜಾಗ ಇರಬೇಕು, ಇಲ್ಲದಿದ್ದರೆ ಅದನ್ನು ಇಕ್ಕಟ್ಟಾದ ಜಾಗ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ಇಲ್ಲಿನವರು ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ನಮಗೆ ಬೇಕಾದದ್ದು 5,250 ಘನ ಅಡಿ. ಫರ್ನೇಸ್ ಕೋಣೆ 8 ಅಡಿ ಅಗಲ, 10 ಅಡಿ ಉದ್ದ, 7 ಅಡಿ ಎತ್ತರ. ಬರೀ 560 ಘನ ಅಡಿ! ಹತ್ತರಲ್ಲಿ ಒಂದು ಪಾಲು ಸ್ವಲ್ಪ ಜಾಸ್ತಿ, ಅಷ್ಟೇ.

ಒಂದು ಗ್ಯಾಲನ್ ಎಣ್ಣೆ ಪೂರ್ತಿ ಉರಿಯಲು ಕನಿಷ್ಠ 1,400 ಘನ ಅಡಿ ಗಾಳಿ ಬೇಕು. ಯಾವ ಬರ್ನರೂ ಅಷ್ಟೇ ಗಾಳಿಯಲ್ಲಿ ಚೊಕ್ಕವಾಗಿ ಉರಿಯುವುದಿಲ್ಲ, ಇನ್ನೂ ಕಾಲು ಭಾಗದಷ್ಟಾದರೂ ಕೊಡಬೇಕು. ಇದರ ಜೊತೆಗೆ ಹೊಗೆ ಕೊಳವೆಯ ಮೇಲೆ ತೂಗಾಡುವ ತಟ್ಟೆಯೊಂದಿರುತ್ತದೆ, ಬ್ಯಾರೊಮೆಟ್ರಿಕ್ ಡ್ಯಾಂಪರ್. ಚಿಮಣಿಯ ಎಳೆತ ಜಾಸ್ತಿಯಾದಾಗ ಅದು ತೆರೆದುಕೊಂಡು ಕೋಣೆಯ ಗಾಳಿಯನ್ನೇ ಚಿಮಣಿಗೆ ಬಿಡುತ್ತದೆ. ಆ ಗಾಳಿಯೂ ಎಲ್ಲಿಂದಲೋ ಬರಬೇಕು.

ಮೈಸೂರಿನಿಂದ ಬಂದಿರುವ ಅಮ್ಮ ನನ್ನ ಕಾಗದ ನೋಡಿ, "ಇಷ್ಟೆಲ್ಲಾ ಯಾಕೋ? ಊದುಗೊಳವೆ ಇಲ್ಲದಿದ್ರೆ ಒಲೆ ಹೊಗೆ ಹಾಕತ್ತೆ, ಅಷ್ಟೇ ತಾನೆ?" ಅಂದರು. ಹೌದಮ್ಮ, ಅದೇ ಅಂದೆ. ಒಂದೇ ವ್ಯತ್ಯಾಸ, ಒಲೆಯ ಹೊಗೆ ಕಣ್ಣಿಗೆ ಉರಿ ಹತ್ತಿಸಿ ಎಚ್ಚರಿಸುತ್ತದೆ. ಗಾಳಿ ಸಾಲದೆ ಎಣ್ಣೆ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಕ್ಟೋಬರ್ ಎರಡನೇ ವಾರ

ಫರ್ನೇಸ್ ಕೋಣೆಯ ಗೋಡೆಯಲ್ಲಿ, ಬೇಸ್‌ಮೆಂಟಿನ ಉಳಿದ ಭಾಗಕ್ಕೆ ತೆರೆಯುವಂತೆ, ಎರಡು ಜಾಲರಿ ಕೂರಿಸಿದೆ. ಒಂದು ಛಾವಣಿಯ ಹತ್ತಿರ, ಇನ್ನೊಂದು ನೆಲದ ಹತ್ತಿರ. ಮನೆಯೊಳಗಿನ ಗಾಳಿಯನ್ನೇ ಬಳಸುವುದಾದರೆ ಪ್ರತಿ ಸಾವಿರ ಬಿಟಿಯುಗೆ ಒಂದೊಂದು ಜಾಲರಿಯಲ್ಲೂ ಒಂದು ಚದರ ಇಂಚು ಕಿಂಡಿ ಬೇಕು. ನಮಗೆ ತಲಾ 105 ಚದರ ಇಂಚು. ಇದು ಗಾಳಿ ನಿಜವಾಗಿ ನುಗ್ಗುವ ಜಾಗದ ಅಳತೆ, ಜಾಲರಿಯ ಹೊರಗಿನ ಅಳತೆ ಅಲ್ಲ. ಲೋಹದ ಜಾಲರಿಯಲ್ಲಿ ಮುಕ್ಕಾಲು ಪಾಲು ತೆರಪು ಅಂತ ಹಿಡಿದರೆ 10 ಇಂಚು, 14 ಇಂಚಿನದು ಸರಿಹೋಗುತ್ತದೆ. ಮರದ ಪಟ್ಟಿಗಳ ಜಾಲರಿಯಲ್ಲಿ ಕಾಲು ಪಾಲು ಮಾತ್ರ ತೆರಪು. ಹಾಗಾಗಿ ಅದಕ್ಕೆ 420 ಚದರ ಇಂಚು ಬೇಕಾಗುತ್ತದೆ, ಅಂದರೆ 20 ಇಂಚು, 21 ಇಂಚಿನದು. ಅಂಗಡಿಯಲ್ಲಿ ಮರದ್ದೇ ಚೆನ್ನಾಗಿ ಕಂಡಿತು. ಲೋಹದ್ದನ್ನೇ ತಂದೆ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಹಾಕಲಿಲ್ಲ. ಬೇಸ್‌ಮೆಂಟಿನ ಧೂಳು, ಬಟ್ಟೆಯ ನಾರು ಅದರಲ್ಲಿ ಸಿಕ್ಕಿಕೊಂಡು ಕಿಂಡಿಯನ್ನೇ ಮುಚ್ಚಿಬಿಡುತ್ತವೆ.

ರಿಟರ್ನ್ ಡಕ್ಟ್‌ನ ಸೇರಿಕೆಗಳಿಗೆ ಮಾಸ್ಟಿಕ್ ಅನ್ನುವ ಸಂದು ಮುಚ್ಚುವ ಅಂಟು ಬಳಿದೆ. ಇದನ್ನು ತುಂಬಾ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ಲೋವರ್ ಮನೆಯ ಗಾಳಿಯನ್ನು ವಾಪಸ್ ಎಳೆಯುವುದು ಈ ಡಕ್ಟ್ ಮೂಲಕ. ಫರ್ನೇಸ್ ಕೋಣೆಯೊಳಗೆ ಅದು ಸೋರುತ್ತಿದ್ದರೆ, ಅಥವಾ ಫಿಲ್ಟರ್ ಕಿಂಡಿಯ ಮುಚ್ಚಳ ಇಲ್ಲದಿದ್ದರೆ, ಬ್ಲೋವರ್ ಅದೇ ಕೋಣೆಯ ಗಾಳಿಯನ್ನು ಹೀರುತ್ತದೆ. ಬರ್ನರ್‌ಗೆ ಬೇಕಾದ ಗಾಳಿ ಅದಕ್ಕೆ ಹೋಗುತ್ತದೆ. ಎಳೆತ ಜೋರಾದರೆ ಚಿಮಣಿಯ ಹೊಗೆಯೂ ಕೆಳಗಿಳಿದು, ಬಿಸಿಗಾಳಿಯ ಜೊತೆ ಸೇರಿ ನೇರ ಮಲಗುವ ಕೋಣೆಗೆ ಬರುತ್ತದೆ.

ಅಕ್ಟೋಬರ್ ಕೊನೆ

ಫರ್ನೇಸ್ ಬಂತು. ಟೆಕ್ನೀಷಿಯನ್ ತಮ್ಮ ಹುಡುಗನ ಜೊತೆ ಬಂದು ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿದರು. ಎಣ್ಣೆಯ ತಾಮ್ರದ ಕೊಳವೆಗೆ ಎಲ್ಲ ಕಡೆ ಫ್ಲೇರ್ ಜೋಡಣೆ, ಅಂದರೆ ಕೊಳವೆಯ ತುದಿಯನ್ನು ಅಗಲಿಸಿ ಕೂರಿಸುವುದು. ಬರೀ ಉಂಗುರ ಬಿಗಿದು ಕೂರಿಸುವ ಕಂಪ್ರೆಷನ್ ಜೋಡಣೆಗೆ ಇಲ್ಲಿ ಅನುಮತಿ ಇಲ್ಲ. ಬರ್ನರ್ ಮೇಲೆ ಒಂದು ಥರ್ಮಲ್ ಸ್ವಿಚ್, ಅಲ್ಲಿ ಬೆಂಕಿ ಹತ್ತಿದರೆ ಕರೆಂಟ್ ಕಡಿಯಲು. ಬೇಸ್‌ಮೆಂಟ್ ಮೆಟ್ಟಿಲ ಮೇಲ್ಗಡೆ ಕೆಂಪು ಪ್ಲೇಟಿನ ಎಮರ್ಜೆನ್ಸಿ ಸ್ವಿಚ್. ಇಟ್ಟಿಗೆ ಚಿಮಣಿಯೊಳಗೆ ಹೊಸ ಸ್ಟೇನ್‌ಲೆಸ್ ಸ್ಟೀಲ್ ಲೈನರ್ (ಒಳಕೊಳವೆ). ಹೊಗೆ ಕೊಳವೆ ಚಿಮಣಿಯ ಕಡೆಗೆ ಅಡಿಗೆ ಕಾಲು ಇಂಚಿನಂತೆ ಏರುತ್ತಾ ಹೋಗುತ್ತದೆ, ಮರದ ತೊಲೆಗಳಿಂದ 18 ಇಂಚು ದೂರದಲ್ಲಿ. ನಾನೂ ಟೇಪ್ ಹಿಡಿದು ನೋಡಿದೆ.

ನವೆಂಬರ್ ಮೊದಲ ವಾರ

ನನಗೆ ನಿಜವಾಗಿ ಬೇಕಾಗಿದ್ದ ಪರೀಕ್ಷೆ ಇದು. ಹೊರಗಿನ ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಮನೆಯಿಂದ ಗಾಳಿ ಹೊರಗೆ ತಳ್ಳುವ ಎಲ್ಲವನ್ನೂ ಒಟ್ಟಿಗೆ ಓಡಿಸಬೇಕು. ಬಚ್ಚಲಿನ ಫ್ಯಾನ್‌ಗಳು, ಬಟ್ಟೆ ಡ್ರೈಯರ್, ಅಡುಗೆಮನೆಯ ಹುಡ್. ನಮ್ಮ ಹುಡ್ ನಿಮಿಷಕ್ಕೆ 600 ಘನ ಅಡಿ ಎಳೆಯುತ್ತದೆ. ಒಗ್ಗರಣೆ ಘಾಟು ತಡೆಯಲು ಇಲ್ಲಿನ ನಮ್ಮ ಮನೆಗಳಲ್ಲಿ ದೊಡ್ಡ ಹುಡ್ ಹಾಕಿಸಿಕೊಳ್ಳುವುದು ಸಾಮಾನ್ಯ.

ಅಮ್ಮನ ದೇವರ ಗೂಡಿನಿಂದ ಒಂದು ಊದುಬತ್ತಿ ತಂದು ಹಚ್ಚಿದೆ. ಬ್ಯಾರೊಮೆಟ್ರಿಕ್ ಡ್ಯಾಂಪರ್‌ನ ಬಾಯಿ ಹತ್ತಿರ ಹಿಡಿದೆ. ಬರ್ನರ್ ಮಾತ್ರ ಓಡುತ್ತಿದ್ದಾಗ ಹೊಗೆಯ ಎಳೆ ನೇರವಾಗಿ ಡ್ಯಾಂಪರ್ ಒಳಗೆ ಹೋಗುತ್ತಿತ್ತು. ಫ್ಯಾನ್, ಡ್ರೈಯರ್ ಹಾಕಿದಾಗ ಎಳೆ ಸ್ವಲ್ಪ ತೂಗಾಡಿತು, ಆದರೂ ಒಳಗೇ ಹೋಯಿತು. ಮೇಲೆ ಹುಡ್ ಜೋರಾಗಿ ಓಡತೊಡಗಿದ್ದೇ ತಡ, ಎಳೆ ನಿಂತು, ಬಾಗಿ, ನನ್ನ ಮುಖದ ಕಡೆಗೆ ತಿರುಗಿತು. ಚಿಮಣಿ ಮೇಲೆ ಎಳೆಯುವುದಕ್ಕಿಂತ ಹುಡ್ ಎಳೆಯುವುದೇ ಜಾಸ್ತಿ. ಬರ್ನರ್ ಆಫ್ ಮಾಡಿ, ಕಿಟಕಿ ತೆರೆದು, ಟೆಕ್ನೀಷಿಯನ್‌ಗೆ ಫೋನ್ ಮಾಡಿದೆ.

ಕಾಗದದ ಮೇಲೆ ಜಾಗದ ಲೆಕ್ಕ ಸರಿಯಿತ್ತು. ಕೋಣೆ, ಬೇಸ್‌ಮೆಂಟ್ ಸೇರಿ 5,700 ಘನ ಅಡಿ. ಆದರೆ ಆ ಲೆಕ್ಕ ಸಂದುಗಳಿರುವ ಮನೆಗೆ. ಬಿಗಿಯಾದ ಮನೆಯಲ್ಲಿ ಎಷ್ಟು ದೊಡ್ಡ ಬೇಸ್‌ಮೆಂಟ್ ಇದ್ದರೂ ಹೊರಗಿನಿಂದ ಹೊಸ ಗಾಳಿ ಬರದಿದ್ದರೆ ಪ್ರಯೋಜನ ಇಲ್ಲ.

ನವೆಂಬರ್ ಮೂರನೇ ವಾರ

ಎರಡು ಬದಲಾವಣೆ ಮಾಡಿದೆವು. ಮೊದಲನೆಯದು, ಹೊರಗಿನ ಗಾಳಿಯನ್ನು 4 ಇಂಚಿನ ಕೊಳವೆಯಲ್ಲಿ ನೇರ ಬರ್ನರ್‌ಗೇ ತರುವುದು. ಆ ಕೊಳವೆಯಲ್ಲಿ ಒಂದು ವ್ಯಾಕ್ಯೂಮ್ ರಿಲೀಫ್ ವಾಲ್ವ್ ಇದೆ. ಹೊರಗಿನ ಬಾಯಿ ಹಿಮದಿಂದ ಮುಚ್ಚಿಹೋದರೆ ಅದು ತೆರೆದುಕೊಂಡು ಕೋಣೆಯ ಗಾಳಿ ಕೊಡುತ್ತದೆ, ಬರ್ನರ್ ಉಸಿರುಗಟ್ಟುವುದಿಲ್ಲ. ಬಾಯಿಯನ್ನು ಹಿಮ ಗುಡ್ಡೆ ಬೀಳುವ ಮಟ್ಟಕ್ಕಿಂತ ಒಂದು ಅಡಿ ಮೇಲೆ ಇಟ್ಟೆವು. ಹಿಮದ ವಿಷಯದಲ್ಲಿ ಈ ರಾಜ್ಯ ದೊಡ್ಡ ಬೆಲೆ ತೆತ್ತಿದೆ. 2005ರ ಜನವರಿಯಲ್ಲಿ ಪ್ಲಿಮತ್‌ನಲ್ಲಿ ಹೀಟಿಂಗ್‌ನ ಹೊಗೆ ಕಿಂಡಿಗೆ ಹಿಮ ಮುಚ್ಚಿ, ನಿಕೋಲ್ ಅನ್ನುವ ಏಳು ವರ್ಷದ ಮಗು ಕಾರ್ಬನ್ ಮಾನಾಕ್ಸೈಡ್‌ನಿಂದ ತೀರಿಕೊಂಡಿತು. ಮನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿದ ಇಲ್ಲಿನ ಕಾನೂನಿಗೆ ಆ ಮಗುವಿನ ಹೆಸರೇ ಇದೆ. ಅಲಾರಂ ಪ್ರತಿ ಮಹಡಿಯಲ್ಲೂ ಇರಬೇಕು, ಮಲಗುವ ಕೋಣೆಯ ಬಾಗಿಲಿಂದ ಹತ್ತು ಅಡಿಯೊಳಗೆ ಇರಬೇಕು. ನಮ್ಮಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಿದೆ.

ಹೊರಗಿನ ಗಾಳಿ ಬರ್ನರ್‌ಗೆ ಬಂದರೂ ಡ್ಯಾಂಪರ್ ಬಾಯಿ ಮಾತ್ರ ಕೋಣೆಯೊಳಗೇ ತೆರೆದಿರುತ್ತದೆ. ಅದಕ್ಕೆ ಎರಡನೇ ಬದಲಾವಣೆ: ಹುಡ್. 400 ಘನ ಅಡಿಗಿಂತ ಜಾಸ್ತಿ ಎಳೆಯುವ ಹುಡ್ ಇದ್ದರೆ ಅಷ್ಟೇ ಗಾಳಿಯನ್ನು ಹೊರಗಿನಿಂದ ತರುವ ವ್ಯವಸ್ಥೆಯೂ ಇರಬೇಕು ಅನ್ನುತ್ತದೆ ಕಟ್ಟಡದ ಕೋಡ್. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಗಾಳಿಯನ್ನು ಅಡುಗೆಮನೆಗೆ ಸುರಿಯುವ ಬದಲು ಸಣ್ಣ ಹುಡ್ ಹಾಕೋಣ ಅಂತ ತೀರ್ಮಾನಿಸಿದೆ. ಹೊಸದು 300ರದ್ದು, ಆದರೆ ಆಳ ಜಾಸ್ತಿ, ಅಡುಗೆ ಒಲೆಯ ಹಿಂಬದಿಯ ಬರ್ನರ್‌ಗಳನ್ನು ಪೂರ್ತಿ ಮುಚ್ಚುವಷ್ಟು. ಒಗ್ಗರಣೆಯನ್ನು ಹಿಂಬದಿಯ ಬರ್ನರ್ ಮೇಲೆ ಹಾಕಿದರೆ ಘಾಟು ಹಳೆಯದರಷ್ಟೇ ಚೆನ್ನಾಗಿ ಹೋಗುತ್ತದೆ. ಒಣಮೆಣಸಿನಕಾಯಿ ಹುರಿಯುವ ದಿನ ಅಮ್ಮ ಕಿಟಕಿಯನ್ನೂ ಸ್ವಲ್ಪ ತೆರೆಯುತ್ತಾರೆ.

ಮತ್ತೆ ಊದುಬತ್ತಿ ಹಿಡಿದೆ. ಎಲ್ಲ ಒಟ್ಟಿಗೆ ಓಡಿದರೂ ಹೊಗೆ ಡ್ಯಾಂಪರ್ ಒಳಗೇ ಹೋಯಿತು.

ಡಿಸೆಂಬರ್ ಮೊದಲ ವಾರ

ಟೆಕ್ನೀಷಿಯನ್ ಹೊಗೆ ಅಳೆಯುವ ಅನಲೈಸರ್ ತಂದು ಕೊನೆಯ ಟ್ಯೂನಿಂಗ್ ಮಾಡಿದರು. ಹೊಗೆ ಹಾಯಿಸಿ ನೋಡುವ ಮಸಿ ಕಾಗದದಲ್ಲಿ ಸೊನ್ನೆ, ಕಲೆಯೇ ಇಲ್ಲ. ಕಾರ್ಬನ್ ಡೈಆಕ್ಸೈಡ್ 12 ಶೇಕಡಾ. ಬೆಂಕಿಯ ಮೇಲೆ ಚಿಮಣಿಯ ಎಳೆತ, ನೀರಿನ ಮಟ್ಟದ ಅಳತೆಯಲ್ಲಿ, 0.02 ಇಂಚು. ಇವನ್ನು ಒಂದು ಚೀಟಿಯಲ್ಲಿ ಬರೆದು ಫರ್ನೇಸ್‌ಗೇ ಕಟ್ಟಿದೆ, ಮುಂದಿನ ವರ್ಷ ಸರ್ವಿಸ್‌ಗೆ ಯಾರು ಬಂದರೂ ಹೋಲಿಸಿ ನೋಡಲಿ ಅಂತ. ಫೈರ್ ಡಿಪಾರ್ಟ್‌ಮೆಂಟಿನವರು ಬಂದು ನೋಡಿ ಸಹಿ ಹಾಕಿದರು.

ಹೊರಗಿನ ಗಾಳಿಯ ಕೊಳವೆ ತಣ್ಣಗಾಗಿ ಬೆವರುತ್ತಿದೆ. ಈ ವಾರಾಂತ್ಯ ಅದಕ್ಕೆ ಇನ್ಸುಲೇಷನ್ ಸುತ್ತಬೇಕು. ತಣ್ಣನೆ ಗಾಳಿ ದಟ್ಟವಾಗಿರುವುದರಿಂದ ಕಡುಚಳಿಯಲ್ಲಿ ಬರ್ನರ್‌ಗೆ ಗಾಳಿ ಈಗಿನದಕ್ಕಿಂತ ಜಾಸ್ತಿ ಸೇರುತ್ತದೆ. ಜನವರಿಯಲ್ಲಿ ಒಂದು ದಿನ ಮತ್ತೆ ಅಳೆಯಲು ಬರುತ್ತೇನೆ ಅಂದಿದ್ದಾರೆ ಟೆಕ್ನೀಷಿಯನ್. ಆ ಅಂಕಿಗಳೂ ಅದೇ ಚೀಟಿಯ ಮೇಲೆ ಬರುತ್ತವೆ.